ಹೊಳಿ ನೀರು ಇಳೀತು, ಕಾಗದದ ಕಾಟ ಇಳೀಲಿಲ್ಲ!

ಚಿಕ್ಕೋಡಿ: ಹೊಳಿ ನೀರು ಮನೆಯೊಳಗೆ ಇರುವುದು ಎಂಟೋ ಹತ್ತೋ ದಿನ. ಅದರ ಹಿಂದಿನ ಲೆಕ್ಕಪತ್ರ ಮಾತ್ರ ವರ್ಷಗಟ್ಟಲೆ ಎಳೆಯುತ್ತದೆ. 2019ರ ಆಗಸ್ಟ್ ಮಹಾಪೂರ ಕಂಡ ಹೊಳಿಸಾಲಿನ ಊರುಗಳಲ್ಲಿ ಇಂದಿಗೂ ನೀರಿನ ಮಾತು ತೆಗೆದರೆ ಎರಡು ನಿಮಿಷದಲ್ಲಿ ಅದು ಮುಗಿದು, ರೊಕ್ಕದ ಮಾತು, ಪಟ್ಟಿಯ ಮಾತು, ತಲಾಟಿಯ ಮಾತು ಶುರುವಾಗುತ್ತದೆ.

ಆ ವರ್ಷ ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದ ಮಳೆಗೆ ವೇದಗಂಗೆ, ದೂಧಗಂಗೆ, ಕೃಷ್ಣೆ ಮೂರೂ ಒಟ್ಟಿಗೆ ಉಕ್ಕಿದವು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯೇ ಬಂದಾಯಿತು. ಚಿಕ್ಕೋಡಿ ತಾಲೂಕಿನ ಮಾಂಜರಿ, ಇಂಗಳಿ, ಯಡೂರ, ಕಾಗವಾಡದ ಜುಗೂಳ, ಉಗಾರ, ರಾಯಬಾಗದ ಕುಡಚಿ, ಅಥಣಿಯ ದರೂರ, ನದಿ ಇಂಗಳಗಾಂವ ಎಲ್ಲ ಕಡೆ ಅದೇ ಗೋಳು. 2005ರಲ್ಲಿ ಕಂಡಿದ್ದರು, 2021ರಲ್ಲಿ, 2024ರಲ್ಲಿ ಮತ್ತೆ ಕಂಡರು. ಹೊಳಿ ಬರುವುದು ಹೊಸದಲ್ಲ.

2019ರಲ್ಲಿ ಸರಕಾರ ರೊಕ್ಕ ಕೊಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಟ್ಟೆ-ಪಾತ್ರೆಗೆಂದು ಮನೆಗೆ 10,000 ರೂಪಾಯಿ. ಅದರಲ್ಲಿ ವಿಕೋಪ ನಿಧಿಯ ನಿಯಮದ ಪ್ರಕಾರ 3,800, ಉಳಿದ 6,200 ರಾಜ್ಯ ಸರಕಾರದ್ದು. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ಮೂರು ಪಾಲು ಮಾಡಿದರು. ಮುಕ್ಕಾಲು ಪಾಲಿಗಿಂತ ಹೆಚ್ಚು ಹಾಳಾಗಿದ್ದರೆ ಎ, 5 ಲಕ್ಷ. ಕಾಲು ಭಾಗದಿಂದ ಮುಕ್ಕಾಲು ಭಾಗ ಹೋಗಿದ್ದರೆ ಬಿ; ಕೆಡವಿ ಕಟ್ಟುವವರಿಗೆ 5, ದುರಸ್ತಿಯವರಿಗೆ 3 ಲಕ್ಷ ಎಂದು ಆಮೇಲೆ ತಿದ್ದಿದರು. ಅದಕ್ಕೂ ಕಡಿಮೆಯಾದರೆ ಸಿ, 50 ಸಾವಿರ. ಅಂದರೆ ಒಂದು ಅಕ್ಷರದಲ್ಲಿ ನಾಲ್ಕೂವರೆ ಲಕ್ಷದ ಅಂತರ!

ಗಂಟು ಬಿದ್ದದ್ದು ಇಲ್ಲೇ. ಮಣ್ಣಿನ ಗೋಡೆಯ ಗುಣ ಹಳ್ಳಿಯವರಿಗೆ ಗೊತ್ತು. ನೀರಲ್ಲಿ ನಿಂತಾಗ ಅದು ಬೀಳುವುದಿಲ್ಲ. ನೀರು ಇಳಿದು ಬಿಸಿಲು ಬಿದ್ದ ಮೇಲೆ ಬಿರುಕು ಬಿಟ್ಟು, ಹದಿನೈದು ದಿನಕ್ಕೆ ಧೊಪ್ಪನೆ ಕೂಡುತ್ತದೆ. ಪಂಚನಾಮೆಯವರು ಬಂದ ದಿನ ಗೋಡೆ ನಿಂತಿತ್ತು, ಸಿ ಅಂತ ಬರೆದುಕೊಂಡು ಹೋದರು. ಗೋಡೆ ಬಿದ್ದಾಗ ಪಟ್ಟಿ ಮೇಲಿನ ಕಚೇರಿ ಸೇರಿತ್ತು. ಇನ್ನು ಕೆಲವರ ಮನೆಯಲ್ಲಿ ಹೆಣ್ಣುಮಕ್ಕಳು ಗಂಜಿ ಕೇಂದ್ರದಿಂದ ಬಂದವರೇ ರಾಡಿ ಬಳಿದು, ಗೋಡೆ ತೊಳೆದು, ಸಾರಿಸಿ ಇಟ್ಟರು. ಹೊಲಸಿನಲ್ಲಿ ಯಾರು ಕೂಡ್ತಾರ? ಆದರೆ ನೀರು ಎಷ್ಟು ಎತ್ತರ ನಿಂತಿತ್ತು ಎಂಬ ಗುರುತೂ ಅದರೊಂದಿಗೆ ಹೋಯಿತು. ತೊಳೆಯುವ ಮೊದಲು ನಾಲ್ಕು ಮೂಲೆಯ ಫೋಟೋ, ನೀರಿನ ಗೆರೆಯ ಫೋಟೋ, ಕೆಟ್ಟ ಸಾಮಾನು ಅಂಗಳಕ್ಕೆ ಹಾಕಿ ಅದರ ಫೋಟೋ ಹಿಡಿದಿಟ್ಟುಕೊಂಡವನ ತಕರಾರು ಅರ್ಜಿಗಾದರೂ ತೂಕ ಬರುತ್ತದೆ.

ಎರಡನೆಯದು ಉತಾರ. ಮನೆ ಅಜ್ಜನ ಹೆಸರಲ್ಲಿ, ಅಜ್ಜ ತೀರಿ ಎಷ್ಟೋ ವರ್ಷ. ಒಳಗೆ ಮೂರು ಮಂದಿ ಅಣ್ಣ-ತಮ್ಮಂದಿರು, ಮೂರು ಒಲೆ, ಪಂಚಾಯ್ತಿ ದಫ್ತರದಲ್ಲಿ ಒಂದೇ ನಂಬರು. ಸರಕಾರಕ್ಕೆ ಕಾಣುವುದು ಒಂದೇ ಮನೆ. ಒಬ್ಬನ ಪಾಸ್‌ಬುಕ್ಕಿಗೆ ರೊಕ್ಕ ಬಿದ್ದರೆ ಉಳಿದಿಬ್ಬರು ಮುಖ ತಿರುವುತ್ತಾರೆ. ಮನೆಯನ್ನು ಹೊಳಿ ಒಡೆಯಿತೋ ಪರಿಹಾರ ಒಡೆಯಿತೋ ಹೇಳುವುದು ಕಷ್ಟ. ವಾರಸಾ ಹಚ್ಚುವ ಕೆಲಸ ಬೇಸಿಗೆಯಲ್ಲಿ ಆಗುವಂಥದ್ದು, ಮಹಾಪೂರದ ಗದ್ದಲದಲ್ಲಿ ಆಗುವುದಿಲ್ಲ.

ಇನ್ನು ವಿಮೆ. ಎಲ್‌ಐಸಿ ಪಾಲಿಸಿ ಗೊತ್ತು, ಟ್ರ್ಯಾಕ್ಟರಿನ ವಿಮೆ ಗೊತ್ತು, ಮನಿಗೂ ವಿಮಾ ಇರ್ತೈತೇನು ಎಂದು ಕೇಳುವವರೇ ಹೆಚ್ಚು. ಇದೆ. 2021ರ ಏಪ್ರಿಲ್ 1ರಿಂದ ‘ಭಾರತ ಗೃಹ ರಕ್ಷಾ’ ಹೆಸರಿನ ಒಂದೇ ನಮೂನೆಯ ಪಾಲಿಸಿ ಬಂದಿದೆ. ಪ್ರವಾಹ ಅದರಲ್ಲಿ ಸೇರಿದೆ. ಕಟ್ಟಡಕ್ಕೆ ಬರೆಸಿದ ಮೊತ್ತದ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ, ಒಳಗಿನ ಸಾಮಾನಿಗೂ ರಕ್ಷಣೆ ತಾನಾಗಿ ಬರುತ್ತದೆ. ಮನೆಗೆ 8 ಲಕ್ಷ ಬರೆಸಿದವನ ಟಿವಿ, ತಿಜೋರಿ, ಹಾಸಿಗೆಗೆ 1 ಲಕ್ಷ 60 ಸಾವಿರದ ತನಕ. ತಿಜೋರಿಯೊಳಗಿನ ಬಂಗಾರ, ರೊಕ್ಕ ಇದರಲ್ಲಿಲ್ಲ. ಜಾಗದ ಬೆಲೆಯೂ ಇಲ್ಲ, ಕಟ್ಟುವ ಖರ್ಚು ಮಾತ್ರ. ಗೋಡೆ ಮಣ್ಣಿನದಾದರೆ ಅರ್ಜಿಯಲ್ಲಿ ಮಣ್ಣಿನದೆಂದೇ ಬರೆಸಬೇಕು. ಏಜೆಂಟನ ಮಾತು ಕೇಳಿ ಸಿಮೆಂಟಿನದೆಂದು ಬರೆಸಿದರೆ ಕಂತು ಕಟ್ಟಿದ್ದೂ ಹೋದಂತೆ.

ವಿಮೆ ಇದ್ದೂ ಇದೆ ಎಂದು ಗೊತ್ತಿಲ್ಲದವರು ಇದಕ್ಕಿಂತ ಪಾಪದವರು. ಬ್ಯಾಂಕಿನಿಂದ ಮನೆ ಸಾಲ, ಅಂಗಡಿ ಸಾಲ ತೆಗೆದಾಗ ಬ್ಯಾಂಕಿನವರೇ ಸಾಲಗಾರನ ಖಾತೆಯಿಂದ ಕಂತು ಮುರಿದು ವಿಮೆ ಮಾಡಿಸಿರುವುದುಂಟು. ಕಾಗದ ಬ್ಯಾಂಕಿನ ಕಪಾಟಿನಲ್ಲಿ, ನೀರು ಇವರ ಅಡುಗೆಮನೆಯಲ್ಲಿ! ಪಾಸ್‌ಬುಕ್ ತೆಗೆದು ಇನ್ಶೂರೆನ್ಸ್ ಎಂದು ರೊಕ್ಕ ಮುರಿದದ್ದು ಕಂಡರೆ ಪಾಲಿಸಿಯ ನಕಲು ಕೇಳಬೇಕು. ಸಾಲದ ಎಮ್ಮೆಗೂ ಹೀಗೆಯೇ ವಿಮೆ ಇರುತ್ತದೆ, ಆದರೆ ಕಿವಿಯ ಬಿಲ್ಲೆ ಮತ್ತು ಪಶು ವೈದ್ಯರ ದಾಖಲೆ ಇಲ್ಲದೆ ಒಂದು ಪೈಸೆ ಇಲ್ಲ. ಮೋಟರ್ ಸೈಕಲ್ಲಿಗೆ ಬರೀ ಥರ್ಡ್ ಪಾರ್ಟಿ ಇದ್ದರೆ ನೀರಿನ ಹಾನಿಗೆ ಏನೂ ಸಿಗದು. ಪೂರ್ಣ ವಿಮೆ ಇದ್ದವನೂ ನೀರು ಹೊಕ್ಕ ಇಂಜಿನಿಗೆ ಕಿಕ್ ಹೊಡೆದು ಕೆಡಿಸಿಕೊಂಡರೆ ಕಂಪನಿಯವರು ಅದನ್ನೇ ನೆಪ ಮಾಡುತ್ತಾರೆ.

ಕಂಪನಿ ಕೊಡಲಿಲ್ಲವೆಂದರೆ ಮೊದಲು ಕಂಪನಿಗೇ ಲಿಖಿತ ದೂರು. ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ವರ್ಷದೊಳಗೆ ಅರ್ಜಿ ಹಾಕಬಹುದು. ಫೀ ಇಲ್ಲ, ವಕೀಲ ಬೇಡ.

ಹೆಚ್ಚಿನ ಮನೆಗಳಲ್ಲಿ ನಿದ್ದೆಗೆಡಿಸುವುದು ಮಾತ್ರ ಇದ್ಯಾವುದೂ ಅಲ್ಲ, ಹೆಣ್ಣುಮಕ್ಕಳ ಸಂಘದ ವಾರದ ಕಂತು. ಕಬ್ಬು ಕೊಳೆತಿದೆ, ಕೂಲಿ ಇಲ್ಲ, ಮನೆಯಲ್ಲಿ ಹಿಟ್ಟಿಲ್ಲ, ಫೈನಾನ್ಸಿನ ಹುಡುಗ ಮಾತ್ರ ಸೈಕಲ್ ಮೋಟರ್ ಮೇಲೆ ವಾರ ತಪ್ಪದೆ ಹಾಜರ್. ವಿಕೋಪದ ಹೊತ್ತಿನಲ್ಲಿ ಬ್ಯಾಂಕು ಸಾಲದ ಕಂತು ಮುಂದೂಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ದಾರಿ ಇದೆ. ಅದು ಮನ್ನಾ ಅಲ್ಲ, ಬಡ್ಡಿ ನಡೆಯುತ್ತಲೇ ಇರುತ್ತದೆ. ಸಣ್ಣ ಸಾಲದ ವಸೂಲಿಗೂ ಅದೇ ರಿಸರ್ವ್ ಬ್ಯಾಂಕು 2022ರಲ್ಲಿ ಗೆರೆ ಹಾಕಿದೆ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನು ಮಾಡುವಂತಿಲ್ಲ. ಬೈಯುವಂತಿಲ್ಲ, ಬೆದರಿಸುವಂತಿಲ್ಲ. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ನಡೆಯಬೇಕು. ಸಾಲಗಾರಳು ಸತತ ಎರಡು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆ ಬಾಗಿಲಿಗೆ ಬರಬಹುದು.