ಬ್ಯಾಟ್‌ಮ್ಯಾನ್‌ನ ಕಪ್ಪು

ಬ್ಯಾಟ್‌ಮ್ಯಾನ್‌ನನ್ನು ಚಿತ್ರಿಸಲು ಕೂರುವ ಹವ್ಯಾಸಿ ಚಿತ್ರಕಾರರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಅವನ ಮೇಲುಹೊದಿಕೆಯ ಬಣ್ಣ. ಹಳೆಯ ಕಾಮಿಕ್ಸ್ ಪುಟಗಳಲ್ಲಿ ಅದು ಒಂದು ಚೌಕಟ್ಟಿನಲ್ಲಿ ಕಪ್ಪಾಗಿಯೂ ಮುಂದಿನದರಲ್ಲಿ ಅಚ್ಚ ನೀಲಿಯಾಗಿಯೂ ಕಾಣುವುದರಿಂದ, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಮೊದಲ ಗೆರೆ ಬೀಳುವ ಮುಂಚೆಯೇ ಏಳುತ್ತದೆ.

ಈ ಪಾತ್ರ ಮೊದಲು ಕಾಣಿಸಿಕೊಂಡದ್ದು 1939ರಲ್ಲಿ, ಅಮೆರಿಕದ ‘ಡಿಟೆಕ್ಟಿವ್ ಕಾಮಿಕ್ಸ್’ನ 27ನೆಯ ಸಂಚಿಕೆಯಲ್ಲಿ. ಚಿತ್ರಕಾರ ಬಾಬ್ ಕೇನ್ ಅವರ ಮೊದಲ ಕಲ್ಪನೆಯಲ್ಲಿ ಕೆಂಪು ಉಡುಪು, ಸೆಟೆದು ನಿಂತ ರೆಕ್ಕೆಗಳು ಮತ್ತು ಕಣ್ಣನ್ನಷ್ಟೇ ಮುಚ್ಚುವ ಪುಟ್ಟ ಮುಖವಾಡ ಇದ್ದವು. ಕಿವಿಗಳುಳ್ಳ ಮುಸುಕು, ಬೀಸಿ ಹರಡುವ ಹೊದಿಕೆ, ಕೈಗವಸು, ಮಬ್ಬು ಬಣ್ಣಗಳನ್ನು ಸೂಚಿಸಿದವರು ಕತೆಗಾರ ಬಿಲ್ ಫಿಂಗರ್. ಇಂದು ಕತ್ತಲಲ್ಲಿ ನೆರಳು ಕಂಡರೂ ಗುರುತು ಹಿಡಿಯಬಲ್ಲ ಆ ಆಕಾರ ಬಹುಪಾಲು ಅವರದೇ ಆಗಿದ್ದರೂ, ಸೃಷ್ಟಿಕರ್ತರ ಸಾಲಿನಲ್ಲಿ ಅವರ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ, ಅವರು ತೀರಿಕೊಂಡು ನಾಲ್ಕು ದಶಕಗಳಾದ ಮೇಲೆ. ಈ ಅನ್ಯಾಯವನ್ನು ಬ್ಯಾಟ್‌ಮ್ಯಾನ್‌ನನ್ನು ಮೆಚ್ಚಿ ಬರೆಯುವವರಾದರೂ ಮರೆಯಬಾರದು.

ಆ ಹೊದಿಕೆಗೆ ನೀಲಿ ಬಂದದ್ದು ಮುದ್ರಣದ ಇಕ್ಕಟ್ಟಿನಿಂದ. ಆ ಕಾಲದ ಕಾಮಿಕ್ಸ್‌ಗಳು ಅಗ್ಗದ ಸುದ್ದಿಕಾಗದದ ಮೇಲೆ ನೀಲಿ, ಕೆಂಪು, ಹಳದಿ, ಕಪ್ಪು ಎಂಬ ನಾಲ್ಕೇ ಶಾಯಿಗಳಿಂದ ಅಚ್ಚಾಗುತ್ತಿದ್ದವು. ತಿಳಿಛಾಯೆ ಬೇಕಾದಾಗ ಶಾಯಿಯನ್ನು ಸಣ್ಣ ಚುಕ್ಕಿಗಳಾಗಿ ಒಡೆಯಲಾಗುತ್ತಿತ್ತು. ಇಡೀ ಹೊದಿಕೆಗೆ ಕಪ್ಪು ತುಂಬಿದರೆ ಬಟ್ಟೆಯ ಮಡಿಕೆಗಳೆಲ್ಲ ಅದರಲ್ಲಿ ಮುಳುಗಿಹೋಗುವುದರಿಂದ, ಬೆಳಕು ಬೀಳುವ ಭಾಗವನ್ನು ಖಾಲಿ ಬಿಟ್ಟು ಅಲ್ಲಿ ನೀಲಿಯನ್ನು ಹಾಕುವ ರೂಢಿ ಬಂತು. ಸೂಪರ್‌ಮ್ಯಾನ್‌ನ ಕಪ್ಪು ಕೂದಲಲ್ಲಿ ನೀಲಿ ಮಿಂಚುವುದೂ ಇದೇ ಕಾರಣಕ್ಕೆ. ಕಪ್ಪಿನ ಮೇಲಿನ ಹೊಳಪಿನ ಸಂಕೇತವಾಗಿದ್ದ ನೀಲಿ, ವರ್ಷಗಳು ಕಳೆದಂತೆ ಬಟ್ಟೆಯದೇ ಬಣ್ಣವಾಗಿ ನಿಂತುಬಿಟ್ಟಿತು.

ಕ್ಯಾನ್ವಾಸಿನ ಮೇಲೆ ಈ ಇಕ್ಕಟ್ಟು ಇಲ್ಲ. ಬಟ್ಟೆಗೆ ಜೆಸ್ಸೊ, ಅಂದರೆ ಬಣ್ಣ ಹಿಡಿದು ನಿಲ್ಲುವಂತೆ ಮಾಡುವ ಬಿಳಿಯ ಲೇಪ, ಬಳಿದು ಒಣಗಿಸಿ, ಮಾದರಿ ಚಿತ್ರದ ಮೇಲೂ ಕ್ಯಾನ್ವಾಸಿನ ಮೇಲೂ ಒಂದೇ ಸಂಖ್ಯೆಯ ಚೌಕಗಳನ್ನು ಎಳೆದು, ಒಂದೊಂದೇ ಚೌಕವನ್ನು ನೋಡಿ ಆಕಾರವನ್ನು ದೊಡ್ಡದು ಮಾಡಿಕೊಳ್ಳುವುದು ಹಳೆಯ, ನಂಬಬಹುದಾದ ವಿಧಾನ. ಕಷ್ಟ ಶುರುವಾಗುವುದು ಅನಂತರ. ಟ್ಯೂಬಿನ ಕಪ್ಪನ್ನು ಹಾಗೆಯೇ ಬಳಿದರೆ ಹೊದಿಕೆ ಕತ್ತರಿಸಿ ಅಂಟಿಸಿದ ಕಾಗದದಂತೆ ಚಪ್ಪಟೆಯಾಗುತ್ತದೆ. ಆದ್ದರಿಂದ ಅನುಭವಿಗಳು ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಬಣ್ಣವನ್ನು ಬೆರೆಸಿ ತಮ್ಮದೇ ಕಪ್ಪನ್ನು ಮಾಡಿಕೊಳ್ಳುತ್ತಾರೆ. ನೀಲಿ ಒಂದಿಷ್ಟು ಹೆಚ್ಚಾದರೆ ಆ ಕಪ್ಪು ತಣ್ಣಗೆ ಹಿಂದೆ ಸರಿಯುತ್ತದೆ, ಕಂದು ಹೆಚ್ಚಾದರೆ ಬೆಚ್ಚಗೆ ಮುಂದೆ ಬರುತ್ತದೆ, ಮಡಿಕೆಗಳು ಏಳುವುದು ಈ ಸಣ್ಣ ಅಂತರದಿಂದಲೇ. ಆಕ್ರಿಲಿಕ್ ಬಣ್ಣ ನಿಮಿಷಗಳಲ್ಲೇ ಒಣಗುವುದರಿಂದ, ನೀರಾಗಿಸಿದ ಬಣ್ಣವನ್ನು ಪದರದ ಮೇಲೆ ಪದರವಾಗಿ ಹಾಯಿಸುವುದೂ ಸಲೀಸು.

ಇಂಥ ಬಣ್ಣಗಾರಿಕೆಗೆ ದೊಡ್ಡ ಪ್ರೇರಣೆ ಕಾಮಿಕ್ಸ್ ಚಿತ್ರಕಾರ ಅಲೆಕ್ಸ್ ರಾಸ್. 1994ರ ‘ಮಾರ್ವೆಲ್ಸ್’ ಮತ್ತು 1996ರ ‘ಕಿಂಗ್‌ಡಮ್ ಕಮ್’ ಕೃತಿಗಳಲ್ಲಿ ಅವರು ಪುಟಪುಟವನ್ನೂ ಗುವಾಶ್‌ನಲ್ಲಿ, ಅಂದರೆ ಕೆಳಗಿನ ಪದರವನ್ನು ಮುಚ್ಚುವಷ್ಟು ದಟ್ಟವಾದ ಜಲವರ್ಣದಲ್ಲಿ, ಚಿತ್ರಿಸಿದರು; ಜೀವಂತ ಮಾದರಿಗಳ ಛಾಯಾಚಿತ್ರ ತೆಗೆದು ಬೆಳಕನ್ನು ಅಭ್ಯಾಸ ಮಾಡಿದ್ದರಿಂದಲೇ ಅವರ ವೀರರ ಉಡುಪಿನಲ್ಲಿ ಸುಕ್ಕುಗಳಿವೆ, ಮೈಯಲ್ಲಿ ಭಾರವಿದೆ. ಮನೆಯಲ್ಲಿ ಇದನ್ನು ಕಲಿಯಲು ಕುರ್ಚಿಯ ಮೇಲೆ ಹರಡಿದ ಕಪ್ಪು ಬಟ್ಟೆ ಮತ್ತು ಪಕ್ಕದಿಂದ ಬೀಳುವ ಒಂದೇ ದೀಪ ಸಾಕು.

 

ಮುಸುಕಿನ ಕೆಳಗೆ ಕಾಣುವ ದವಡೆಯೊಂದೇ ಇಡೀ ಚಿತ್ರದಲ್ಲಿ ಮೈಬಣ್ಣವಿರುವ ಜಾಗವಾದ್ದರಿಂದ ಪಾತ್ರದ ಮನಸ್ಸನ್ನೆಲ್ಲ ಅಲ್ಲಿಯೇ, ಬಿಗಿದ ತುಟಿಯ ಕೆಳಗಿನ ಒಂದು ನೆರಳಿನಲ್ಲಿ, ಹೇಳಬೇಕಾಗುತ್ತದೆ. ಕೊನೆಗೆ ಉಳಿಯುವುದು ಕಪ್ಪು ಹೊದಿಕೆಯನ್ನು ಕಪ್ಪು ಇರುಳಿನಿಂದ ಬೇರ್ಪಡಿಸುವ ಕೆಲಸ. ಅದಕ್ಕಾಗಿ ಚಿತ್ರಕಾರರು ಸಣ್ಣ ಬ್ರಷ್ಷಿನ ತುದಿಯಲ್ಲಿ ಹೊದಿಕೆಯ ಅಂಚಿಗೆ ಕೂದಲೆಳೆಯಷ್ಟು ತೆಳುವಾಗಿ ಹಚ್ಚುವುದು, ಅಚ್ಚುಮನೆಯವರು ಹಿಂದೆ ಹಚ್ಚಿದ ಅದೇ ನೀಲಿಯನ್ನು, ಈಗ ಬೆಳದಿಂಗಳಾಗಿ.