ಆಸ್ಪತ್ರೆಯ ಗಣಕ ದಾಖಲೆಗಳೂ ಸಮಿತಿಗಳೂ

ರೋಗಿಯ ವಿವರಗಳೆಲ್ಲ ಗಣಕಯಂತ್ರದಲ್ಲಿ ಒಂದೆಡೆ ದೊರೆಯಬೇಕೆಂಬುದು ಇಂದಿನ ಆಸ್ಪತ್ರೆಗಳ ಅಪೇಕ್ಷೆ. ಕೇಂದ್ರ ಸರ್ಕಾರವು ಇದಕ್ಕಾಗಿ 2013ರಲ್ಲಿ ಮಾನದಂಡಗಳನ್ನು ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿತು. ಯಂತ್ರವನ್ನು ಹಣ ಕೊಟ್ಟು ತರಬಹುದು. ಅದರಲ್ಲಿ ಏನನ್ನು ಯಾರು ಬರೆಯಬೇಕೆಂಬುದನ್ನು ಸಮಿತಿಯೇ ನಿರ್ಧರಿಸಬೇಕು. ಕೆಲಸ ಮುಗ್ಗರಿಸುವುದೂ ಅಲ್ಲಿಯೇ.

‘ಪೆನಿಸಿಲಿನ್ ಒಗ್ಗದು’ ಎಂಬ ಒಂದು ಸಾಲನ್ನೇ ನೋಡೋಣ. ಅದನ್ನು ಬರೆಯುವವರು ವೈದ್ಯರೋ ದಾದಿಯೋ? ಔಷಧಾಲಯದ ಪರದೆಯಲ್ಲಿಯೂ ಅದು ಕಾಣಬೇಡವೆ? ತಪ್ಪಿದ್ದರೆ ತಿದ್ದುವ ಅಧಿಕಾರ ಯಾರದು? ಇಪ್ಪತ್ತು ಮಂದಿ ಹಿರಿಯರ ಸಭೆಯಲ್ಲಿ ಈ ಪ್ರಶ್ನೆ ಮುಂದಿನ ಸಭೆಗೆ ಹೋಗುತ್ತದೆ. ಅಷ್ಟರಲ್ಲಿ ಯಾರಿಗಾದರೂ ಆ ಸೂಜಿಮದ್ದು ಬಿದ್ದಿರಲೂಬಹುದು. ಒಬ್ಬ ವೈದ್ಯ, ಒಬ್ಬ ದಾದಿ, ಫಾರ್ಮಸಿಸ್ಟ್, ದಾಖಲೆ ಕೊಠಡಿಯ ಗುಮಾಸ್ತ ಈ ನಾಲ್ವರು ವಾರ್ಡಿನಲ್ಲಿಯೇ ಕುಳಿತರೆ ಒಂದು ಮಧ್ಯಾಹ್ನದಲ್ಲಿ ಬಗೆಹರಿದೀತು. ಒಮ್ಮತವಾಗದಿದ್ದಲ್ಲಿ ಗಡುವಿನೊಳಗೆ ತೀರ್ಪು ಕೊಡುವ ವೈದ್ಯಾಧಿಕಾರಿ ಒಬ್ಬರೇ ಇರಬೇಕು. ತಿದ್ದುವುದರಲ್ಲಿ ಮಾತ್ರ ನಮ್ಮ ಬ್ಯಾಂಕಿನ ಲೆಡ್ಜರಿನ ಕ್ರಮವೇ ಲೇಸು: ಹಳೆಯ ನಮೂದನ್ನು ಅಳಿಸದೆ, ಯಾರು ಯಾವಾಗ ತಿದ್ದಿದರೆಂಬುದನ್ನು ಉಳಿಸುವುದು. ಮೇಲೆ ಹೇಳಿದ ಮಾನದಂಡಗಳ ಆಶಯವೂ ಇದೇ.

ನಮ್ಮ ಚೆನ್ನೈನಲ್ಲಿ ಇನ್ನೊಂದು ತೊಡಕುಂಟು. ಇಲ್ಲಿ ತಂದೆಯ ಹೆಸರಿನ ಮೊದಲಕ್ಷರವನ್ನು ಮುಂದಿಟ್ಟು ಹೆಸರು ಬರೆಯುವವರೇ ಬಹಳ. ನಮೂನೆಯಲ್ಲಿ ಕುಲನಾಮಕ್ಕೆಂದು ಬೇರೊಂದು ಅಂಕಣವಿಟ್ಟರೆ, ಒಮ್ಮೆ ಒಂದು ರೀತಿ, ಮತ್ತೊಮ್ಮೆ ಇನ್ನೊಂದು ರೀತಿ ತುಂಬಿ, ಒಬ್ಬನೇ ರೋಗಿಗೆ ಎರಡು ಕಡತಗಳಾಗುವುವು. ಪೆನಿಸಿಲಿನ್ನಿನ ಎಚ್ಚರಿಕೆ ಒಂದರಲ್ಲಿ, ಚಿಕಿತ್ಸೆ ಇನ್ನೊಂದರಲ್ಲಿ. ನೋಂದಣಿ ಮೇಜಿನಲ್ಲಿ ಕುಳಿತ ಹೆಣ್ಣುಮಗಳು ಇದನ್ನು ಮೊದಲ ದಿನವೇ ಹೇಳಬಲ್ಲಳು. ಆಕೆಯನ್ನು ಸಮಿತಿಗೆ ಕರೆಯುವವರು ವಿರಳ.