ಬೆಳೆಯುವ ಸಿರಿಯೂ ಮೊಳಕೆಯ ಪರೀಕ್ಷೆಯೂ

ಬೆಳೆಯುವ ಸಿರಿ ಮೊಳಕೆಯಲ್ಲಿಯೇ ಕಾಣುತ್ತದೆ ಎಂಬ ನುಡಿಯನ್ನು ನಾವೆಲ್ಲ ಎಳವೆಯಿಂದಲೂ ಕೇಳುತ್ತ ಬಂದಿದ್ದೇವೆ. ಮಾತು ಸುಳ್ಳಲ್ಲ. ಆದರೆ ಮೊಳಕೆಯಲ್ಲಿ ಯಾವುದನ್ನು ನೋಡಬೇಕು ಎಂಬುದನ್ನು ಆ ನುಡಿ ಹೇಳುವುದಿಲ್ಲ. ಅದನ್ನು ಬಲ್ಲವರು ನಮ್ಮ ಕೃಷಿಕರು. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭಗೊಂಡು ಇಂದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೆನಿಸಿರುವ ಕಾಸರಗೋಡಿನ ಸಂಸ್ಥೆ, ತೆಂಗಿನ ಸಸಿಯನ್ನು ಆರಿಸಲು ಕೆಲವು ಗುರುತುಗಳನ್ನು ಹೇಳಿಕೊಟ್ಟಿದೆ. ಒಂಬತ್ತರಿಂದ ಹನ್ನೆರಡು ತಿಂಗಳ ಸಸಿಯಲ್ಲಿ ಆರಾದರೂ ಎಲೆಗಳಿರಬೇಕು. ಬುಡದ ಸುತ್ತಳತೆ 10 ಸೆಂಟಿಮೀಟರಿಗೆ ಕಡಿಮೆಯಾಗಬಾರದು. ಎಲೆಗಳು ಬೇಗನೆ ಸೀಳಿಕೊಂಡಿರಬೇಕು. ಇವುಗಳಲ್ಲಿ ಯಾವುದೂ ಕಾಯಿಯಲ್ಲ. ಮುಂದೆ ಕಾಯಿ ಕೊಡಬಲ್ಲ ಶಕ್ತಿಯ ಗುರುತುಗಳು ಮಾತ್ರ.

ಆಟದ ಬಯಲಿನಲ್ಲಿಯೂ ಇಂತಹುದೇ ಆಯ್ಕೆಯ ಸಮಸ್ಯೆಯಿದೆ. ಮುಖ್ಯ ಋತು ಆರಂಭವಾಗುವ ಮೊದಲು ನಡೆಯುವ ಕಿರು ಪಂದ್ಯಾವಳಿಗಳಲ್ಲಿ ಹೊಸಬರು ತಮ್ಮ ಕೌಶಲವನ್ನು ತೋರಿಸುತ್ತಾರೆ. ಎರಡು ವಾರಗಳ ಆಟವನ್ನು ಕಂಡು ಆಯ್ಕೆಗಾರರೂ ಪತ್ರಿಕೆಗಳವರೂ ಊರವರೂ ತಮ್ಮ ತಮ್ಮ ತೀರ್ಪನ್ನು ಕೊಟ್ಟುಬಿಡುತ್ತಾರೆ. ಆ ತೀರ್ಪಿನ ಮೇಲೆ ಒಬ್ಬ ಯುವಕನ ಓದು, ಉದ್ಯೋಗ, ಮನೆಯವರ ನೆಮ್ಮದಿ ಎಲ್ಲವೂ ನಿಂತಿರುತ್ತವೆ. ಆದುದರಿಂದ ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂದು ವಿಚಾರಿಸುವುದು ಆಟದ ಹುಚ್ಚಿನವರಿಗೆ ಮಾತ್ರ ಸೇರಿದ ಸಂಗತಿಯಲ್ಲ. ಮಕ್ಕಳಿರುವ ಮನೆಗಳಿಗೆಲ್ಲ ಸೇರಿದ್ದು.

ಇದಕ್ಕೆ ನಿದರ್ಶನವನ್ನು ಅರಸಿ ದೂರ ಹೋಗಬೇಕಾದುದಿಲ್ಲ. ಕಾಸರಗೋಡು ಪೇಟೆಗೆ ತಾಗಿಕೊಂಡೇ ಇರುವ ತಳಂಗರೆಯಲ್ಲಿ 1994ರಲ್ಲಿ ಜನಿಸಿದ ಮೊಹಮ್ಮದ್ ಅಜರುದ್ದೀನರನ್ನು ಅರಿಯದವರು ನಮ್ಮ ಜಿಲ್ಲೆಯಲ್ಲಿ ವಿರಳ. ಭಾರತ ತಂಡದ ನಾಯಕರಾಗಿದ್ದ ಅಜರುದ್ದೀನರ ಮೇಲಣ ಅಭಿಮಾನದಿಂದ ಅಣ್ಣನೇ ತಮ್ಮನಿಗೆ ಇಟ್ಟ ಹೆಸರದು. 2021ರ ಜನವರಿ 13ರಂದು ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಸಯ್ಯದ್ ಮುಷ್ತಾಕ್ ಅಲಿ ಪಂದ್ಯಾವಳಿಯ ಆಟ. ಮುಂಬಯಿ ತಂಡ 196 ಓಟಗಳನ್ನು ಗಳಿಸಿತ್ತು. ಕೇರಳದ ಪರವಾಗಿ ಆಟ ಆರಂಭಿಸಿದ ಅಜರುದ್ದೀನ್ 37 ಎಸೆತಗಳಲ್ಲಿ ಶತಕ ಪೂರೈಸಿ, 54 ಎಸೆತಗಳಲ್ಲಿ 137 ಓಟಗಳನ್ನು ಗಳಿಸಿ ಅಜೇಯರಾಗಿ ಉಳಿದರು. ಅದರಲ್ಲಿ ಒಂಬತ್ತು ಬೌಂಡರಿ, ಹನ್ನೊಂದು ಸಿಕ್ಸರ್. ಇಪ್ಪತ್ತು ಓವರುಗಳ ಗುರಿಯನ್ನು ಕೇರಳ ಹದಿನಾರು ಓವರು ತುಂಬುವ ಮೊದಲೇ ಮುಟ್ಟಿತು. ಮರುದಿನ ದೇಶದ ಪತ್ರಿಕೆಗಳಲ್ಲೆಲ್ಲ ಕಾಸರಗೋಡಿನ ಹೆಸರು.

ಅದೇ ಫೆಬ್ರವರಿಯಲ್ಲಿ ಚೆನ್ನೈಯಲ್ಲಿ ನಡೆದ ಐ.ಪಿ.ಎಲ್. ಹರಾಜಿನಲ್ಲಿ ಬೆಂಗಳೂರು ತಂಡ ಇಪ್ಪತ್ತು ಲಕ್ಷ ರೂಪಾಯಿಗಳಿಗೆ ಅವರನ್ನು ಸೇರಿಸಿಕೊಂಡಿತು. ನಮ್ಮ ಹುಡುಗ ನಮ್ಮ ಬೆಂಗಳೂರಿನ ತಂಡದಲ್ಲಿ ಎಂದು ಗಡಿನಾಡು ಹಿಗ್ಗಿತು. ಆದರೆ ಆ ಋತುವಿನಲ್ಲಿ ಅವರಿಗೆ ಒಂದು ಪಂದ್ಯದಲ್ಲಿಯೂ ಬಯಲಿಗಿಳಿಯುವ ಅವಕಾಶ ಒದಗಲಿಲ್ಲ. ಹಿಗ್ಗಿದಷ್ಟೇ ಬೇಗ ಕುಗ್ಗುವುದು ಲೋಕದ ಸ್ವಭಾವ. ಒಂದೇ ದಿನದ ಮಿಂಚು ಎಂಬ ತೀರ್ಪು ಬರಲು ಇಂತಹ ಸಂದರ್ಭಗಳಲ್ಲಿ ತಡವಾಗುವುದಿಲ್ಲ.

ಈ ಹೊಗಳಿಕೆಯಲ್ಲಿಯೂ ಆ ತೆಗಳಿಕೆಯಲ್ಲಿಯೂ ಇರುವ ದೋಷ ಒಂದೇ. ಜನವರಿಯ ಆ ಪಂದ್ಯಾವಳಿಯಲ್ಲಿ ಅಜರುದ್ದೀನ್ ಐದು ಪಂದ್ಯಗಳಲ್ಲಿ ಗಳಿಸಿದ ಓಟಗಳು ಒಟ್ಟು 214. ಅದರಲ್ಲಿ 137 ಒಂದೇ ದಿನದ್ದು. ಉಳಿದ ನಾಲ್ಕು ದಿನಗಳದ್ದು ಕೂಡಿ 77. ಮೊದಲ ಅಂಕಿಯನ್ನು ಮಾತ್ರ ನೋಡಿದವರಿಗೆ ಆತ ಅಸಾಮಾನ್ಯ. ಎರಡನೆಯದನ್ನು ಮಾತ್ರ ನೋಡಿದವರಿಗೆ ಸಾಧಾರಣ. ಎರಡೂ ಅವರೇ. ಅಷ್ಟೇ ಅಲ್ಲ, ದೇಶವು ಹೊಸಬನೆಂದು ಕರೆದ ಆ ಯುವಕ 2015–16ರ ಋತುವಿನಲ್ಲಿಯೇ ಕೇರಳದ ತಂಡವನ್ನು ಸೇರಿದ್ದರು. ಐದು ವರ್ಷಗಳ ದುಡಿಮೆಯನ್ನು ಯಾರೂ ಎಣಿಸದೆ, 54 ಎಸೆತಗಳನ್ನು ಎಲ್ಲರೂ ಎಣಿಸಿದರು.

ಕೆಲವೇ ಪಂದ್ಯಗಳ ಅಂಕಿಗಳು ಏಕೆ ಮೋಸಗೊಳಿಸುತ್ತವೆ ಎಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ನಾಣ್ಯವನ್ನು ಹತ್ತು ಸಲ ಚಿಮ್ಮಿ ನೋಡಿ. ಐದು ಸಲ ತಲೆ ಬೀಳಬೇಕೆಂಬುದು ನಮ್ಮ ನಿರೀಕ್ಷೆ. ಆದರೆ ಗಣಿತದ ಪ್ರಕಾರ ಏಳು ಅಥವಾ ಅದಕ್ಕಿಂತ ಹೆಚ್ಚು ಸಲ ತಲೆ ಬೀಳುವ ಸಂಭವ ನೂರಕ್ಕೆ 17ರಷ್ಟಿದೆ. ಹಾಗಾದರೆ ಸರಿಸಮಾನ ಯೋಗ್ಯತೆಯ ಮೂವತ್ತು ಹುಡುಗರು ಹತ್ತು ಹತ್ತು ಅವಕಾಶಗಳಲ್ಲಿ ಆಡಿದರೆ, ಅವರಲ್ಲಿ ನಾಲ್ಕೈದು ಮಂದಿ ಕೇವಲ ಅದೃಷ್ಟದಿಂದಲೇ ಪ್ರತಿಭಾವಂತರಂತೆ ಕಾಣುತ್ತಾರೆ. ಮತ್ತೆ ನಾಲ್ಕೈದು ಮಂದಿ ಕೈಲಾಗದವರಂತೆ ಕಾಣುತ್ತಾರೆ. ಅವಕಾಶಗಳು ನೂರಾರಾದಂತೆ ಈ ಅದೃಷ್ಟದ ಪಾಲು ಕರಗುತ್ತ ಹೋಗಿ ನಿಜವಾದ ಯೋಗ್ಯತೆ ಹೊರಬರುತ್ತದೆ.

ಹೊಸಬರ ಪರೀಕ್ಷೆಯನ್ನು ಬಹಳ ವ್ಯವಸ್ಥಿತವಾಗಿ ನಡೆಸುವವರು ಅಮೆರಿಕದ ಬಾಸ್ಕೆಟ್‌ಬಾಲ್ ಸಂಘವಾದ ಎನ್.ಬಿ.ಎ.ಯವರು. ಅಲ್ಲಿಯ ಮುಖ್ಯ ಋತು ಅಕ್ಟೋಬರಿನಲ್ಲಿ ಆರಂಭ. ಅದಕ್ಕೆ ಮೊದಲು ಜುಲೈ ತಿಂಗಳಿನಲ್ಲಿ, 2004ರಿಂದ ಲಾಸ್ ವೇಗಸ್ ನಗರದಲ್ಲಿ ಬೇಸಿಗೆಯ ಪಂದ್ಯಾವಳಿ ನಡೆಯುತ್ತ ಬಂದಿದೆ. ಅಲ್ಲಿ ಆಡುವವರು ಆಗತಾನೆ ತಂಡ ಸೇರಿದ ಹುಡುಗರು ಮತ್ತು ಹೇಗಾದರೂ ಒಂದು ಒಪ್ಪಂದ ದೊರಕೀತೇ ಎಂದು ಕಾದಿರುವವರು. ಹೆಸರಾದ ಆಟಗಾರರು ಇರುವುದಿಲ್ಲ. ಆಟದ ಅವಧಿ 48 ನಿಮಿಷಗಳಲ್ಲ, 40. ಆರು ತಪ್ಪುಗಳಿಗೆ ಹೊರನಡೆಯಬೇಕಾದ ಆಟಗಾರನಿಗೆ ಇಲ್ಲಿ ಹತ್ತು ತಪ್ಪುಗಳವರೆಗೆ ಮಾಫಿ. ಜತೆಗಾರರೊಡನೆ ಆಗಿರುವುದು ಕೆಲವೇ ದಿನಗಳ ಅಭ್ಯಾಸ. ಪ್ರತಿಯೊಬ್ಬನೂ ತನ್ನ ಅನ್ನಕ್ಕಾಗಿ ಆಡುವ ಕಡೆ, ಚೆಂಡನ್ನು ಪಕ್ಕದವನಿಗೆ ಕೊಡುವ ಔದಾರ್ಯ ಸುಲಭವಲ್ಲ. ಹೀಗೆ ಪರೀಕ್ಷೆಯ ಪ್ರಶ್ನೆಪತ್ರಿಕೆಯೇ ಬೇರೆಯಾಗಿರುವಾಗ, ಅಲ್ಲಿಯ ಅಂಕಗಳನ್ನು ಮುಖ್ಯ ಋತುವಿಗೆ ಹಾಗೆಯೇ ಒಯ್ಯಲಾಗುವುದೆ?

2012ರಲ್ಲಿ ಲಾಸ್ ವೇಗಸಿನ ಶ್ರೇಷ್ಠ ಆಟಗಾರ ಪ್ರಶಸ್ತಿಯನ್ನು ಇಬ್ಬರು ಹಂಚಿಕೊಂಡರು. ಒಬ್ಬರು ಡೇಮಿಯನ್ ಲಿಲ್ಲಾರ್ಡ್, ಇನ್ನೊಬ್ಬರು ಜಾಷ್ ಸೆಲ್ಬಿ. ಆ ಜುಲೈಯಲ್ಲಿ ಇಬ್ಬರೂ ಸಮಾನರು. ಮುಂದಿನ ಋತುವಿನಲ್ಲಿ ಲಿಲ್ಲಾರ್ಡ್ ವರ್ಷದ ಶ್ರೇಷ್ಠ ಹೊಸ ಆಟಗಾರನೆಂದು ಸರ್ವಾನುಮತದಿಂದ ಆಯ್ಕೆಯಾದರು. ಸಂಘದ 75ನೆಯ ವರ್ಷಾಚರಣೆಯ ವೇಳೆ ಸಾರ್ವಕಾಲಿಕ ಶ್ರೇಷ್ಠರ ಸಾಲಿನಲ್ಲಿ ನಿಂತರು. ಸೆಲ್ಬಿಯಾದರೋ 2013ರ ಬಳಿಕ ಎನ್.ಬಿ.ಎ. ಪಂದ್ಯಗಳಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ನಮ್ಮ ದೇಶದವರಾದ ಪಂಜಾಬಿನ ಸತ್ನಾಮ್ ಸಿಂಗ್ 2015ರಲ್ಲಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾಗಿ, ಎನ್.ಬಿ.ಎ. ತಂಡವೊಂದು ಹೀಗೆ ಆರಿಸಿಕೊಂಡ ಮೊದಲ ಭಾರತೀಯರೆನಿಸಿದರು. ಬೇಸಿಗೆಯ ಪಂದ್ಯಗಳಲ್ಲಿ ಆಡಿದರು. ಮುಖ್ಯ ಋತುವಿನ ಒಂದು ಪಂದ್ಯವೂ ಅವರಿಗೆ ದೊರೆಯಲಿಲ್ಲ.

ಹಾಗೆಂದ ಮಾತ್ರಕ್ಕೆ ಋತುಪೂರ್ವದ ಆಟ ಏನನ್ನೂ ಹೇಳುವುದಿಲ್ಲವೆಂದು ತಿಳಿಯಲಾಗದು. ಫ್ರಾನ್ಸಿನ ವಿಕ್ಟರ್ ವೆಂಬನ್ಯಾಮ ಎಂಬ, ಏಳು ಅಡಿಗಳನ್ನೂ ಮೀರಿ ಬೆಳೆದ ಯುವಕ 2023ರ ಜುಲೈ 7ರಂದು ತನ್ನ ಮೊದಲ ಬೇಸಿಗೆ ಪಂದ್ಯವನ್ನು ಆಡಿದರು. ಬುಟ್ಟಿಯತ್ತ 13 ಸಲ ಎಸೆದು ಎರಡೇ ಸಲ ಗುರಿ ಮುಟ್ಟಿ, ಒಂಬತ್ತು ಅಂಕಗಳನ್ನು ಗಳಿಸಿದರು. ನಗುವವರು ನಕ್ಕರು. ಎರಡು ದಿನಗಳ ಬಳಿಕ ಅದೇ ಹುಡುಗನಿಗೆ 27 ಅಂಕಗಳು. ಈ ಏರಿಳಿತದಲ್ಲಿ ಸತ್ಯ ಯಾವುದು? ಸೂಕ್ಷ್ಮವಾಗಿ ನೋಡಿದವರಿಗೆ ಉತ್ತರ ಮೊದಲ ದಿನವೇ ಸಿಕ್ಕಿತ್ತು. ತನ್ನ ಎಸೆತಗಳು ತಪ್ಪುತ್ತಿದ್ದ ಆ ಪಂದ್ಯದಲ್ಲಿಯೂ ಆತ ಎದುರಾಳಿಗಳ ಐದು ಎಸೆತಗಳನ್ನು ಗಾಳಿಯಲ್ಲಿಯೇ ತಡೆದಿದ್ದರು. ಗುರಿ ದಿನದಿಂದ ದಿನಕ್ಕೆ ಬದಲಾಗಬಹುದು. ನಿಲುವು, ಕಣ್ಣು, ಎದುರಾಳಿಯ ಮನಸ್ಸನ್ನು ಮುಂದಾಗಿ ಅರಿಯುವ ಬುದ್ಧಿ ಅಷ್ಟು ಬೇಗ ಬದಲಾಗುವುದಿಲ್ಲ. 2023–24ರ ಋತುವಿನಲ್ಲಿ ಹೀಗೆ ತಡೆಯುವುದರಲ್ಲಿ ಇಡೀ ಎನ್.ಬಿ.ಎ.ಗೆ ಆತನೇ ಮೊದಲಿಗ. ಶ್ರೇಷ್ಠ ಹೊಸ ಆಟಗಾರನೂ ಸರ್ವಾನುಮತದಿಂದ ಆತನೇ.

ಇದೇ ಪಾಠವನ್ನು ನಮ್ಮ ರಾಜ್ಯದಲ್ಲಿಯೂ ಕಂಡೆವು. 2024ರ ಸೆಪ್ಟೆಂಬರಿನಲ್ಲಿ ಕೇರಳ ಕ್ರಿಕೆಟ್ ಲೀಗಿನ ಮೊದಲ ಆವೃತ್ತಿ ನಡೆಯಿತು. ಅಲ್ಲಿ ಆಲಪ್ಪುಳದ ತಂಡಕ್ಕೆ ನಾಯಕರು ತಳಂಗರೆಯ ಅಜರುದ್ದೀನರೇ. ಆ ತಂಡದಲ್ಲಿ ಮಲಪ್ಪುರಂ ಜಿಲ್ಲೆಯ ವಿಘ್ನೇಶ್ ಪುತ್ತೂರ್ ಎಂಬ, ಎಡಗೈಯಲ್ಲಿ ಮಣಿಕಟ್ಟು ತಿರುಗಿಸಿ ಚೆಂಡೆಸೆಯುವ ಯುವಕನಿದ್ದರು. ಆಡಿದ್ದು ಮೂರೇ ಪಂದ್ಯ, ಪಡೆದದ್ದು ಎರಡೇ ವಿಕೆಟ್. ಕೇರಳದ ಹಿರಿಯರ ತಂಡಕ್ಕೆ ಆಗ ಒಮ್ಮೆಯೂ ಆಡಿರಲಿಲ್ಲ. ಅಂಕಿಗಳನ್ನು ಮಾತ್ರ ಓದುವವರು ಆ ಹೆಸರನ್ನು ದಾಟಿ ಮುಂದೆ ಹೋಗುತ್ತಿದ್ದರು. ಮುಂಬಯಿ ತಂಡದ ಶೋಧಕರು ಹಾಗೆ ಹೋಗಲಿಲ್ಲ. ಅವರು ಹುಡುಗನನ್ನು ಕರೆಸಿ ಮತ್ತೆ ಪರೀಕ್ಷಿಸಿ, ಆ ನವೆಂಬರಿನ ಹರಾಜಿನಲ್ಲಿ ಮೂವತ್ತು ಲಕ್ಷ ರೂಪಾಯಿಗಳಿಗೆ ಸೇರಿಸಿಕೊಂಡರು. 2025ರ ಮಾರ್ಚ್ 23ರಂದು ಚೆನ್ನೈಯಲ್ಲಿ, ತನ್ನ ಮೊದಲ ಐ.ಪಿ.ಎಲ್. ಪಂದ್ಯದಲ್ಲಿಯೇ, ವಿಘ್ನೇಶ್ 32 ಓಟಗಳಿಗೆ ಮೂರು ವಿಕೆಟ್ ಪಡೆದರು. ಐದು ಪಂದ್ಯಗಳಲ್ಲಿ ಆರು ವಿಕೆಟ್ ಗಳಿಸಿದ ಮೇಲೆ ಗಾಯದಿಂದಾಗಿ ಋತುವಿನ ನಡುವೆಯೇ ಹೊರಗುಳಿಯಬೇಕಾಯಿತು. ಆದುದರಿಂದ ಅವರ ಕುರಿತಾದ ಕೊನೆಯ ಮಾತನ್ನು ಆಡಲು ಕಾಲ ಇನ್ನೂ ಪಕ್ವವಾಗಿಲ್ಲ. ಆದರೆ ನೋಡಿ ಆರಿಸುವ ಕ್ರಮ ಯಾವುದು ಎಂಬುದಕ್ಕೆ ಇದು ಒಳ್ಳೆಯ ಮಾದರಿ.

ಇಂತಹ ಕ್ರಮ ಕುಂಬಳೆಯ ಪಾರ್ತಿಸುಬ್ಬನ ನಾಡಿನವರಾದ ನಮಗೆ ಅಪರಿಚಿತವಲ್ಲ. ತೆಂಕುತಿಟ್ಟಿನ ಹಳೆಯ ಪದ್ಧತಿಯಲ್ಲಿ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಕೋಡಂಗಿಯಾಗಿ, ಬಾಲಗೋಪಾಲನಾಗಿ ಪೂರ್ವರಂಗದಲ್ಲಿ ಕುಣಿಯಬೇಕಾಗಿತ್ತು. ಆ ಹೊತ್ತಿಗೆ ಪ್ರೇಕ್ಷಕರು ಇನ್ನೂ ಊಟ ಮುಗಿಸಿ ಬಂದಿರುವುದಿಲ್ಲ. ಚಪ್ಪಾಳೆಯ ಮಾತೇ ಇಲ್ಲ. ಭಾಗವತರೂ ಹಿರಿಯ ವೇಷಧಾರಿಗಳೂ ಮಾತ್ರ ನೋಡುತ್ತಿದ್ದರು: ಹೆಜ್ಜೆ ತಾಳಕ್ಕೆ ಬೀಳುತ್ತಿದೆಯೆ, ಚೆಂಡೆಯ ನುಡಿಗೆ ಕಿವಿ ಇದೆಯೆ, ನಿನ್ನೆಯ ತಪ್ಪು ಇಂದು ತಿದ್ದಿಕೊಂಡಿದೆಯೆ ಎಂದು. ಒಂದು ರಾತ್ರಿಯ ಕುಣಿತದಿಂದ ಯಾರಿಗೂ ಅರ್ಜುನನ ವೇಷ ಸಿಗುತ್ತಿರಲಿಲ್ಲ. ಒಂದು ರಾತ್ರಿ ತಾಳ ತಪ್ಪಿದನೆಂದು ಯಾರನ್ನೂ ಚೌಕಿಯಿಂದ ಹೊರಗಟ್ಟುತ್ತಲೂ ಇರಲಿಲ್ಲ. ದೀಪಾವಳಿಯಿಂದ ಪತ್ತನಾಜೆಯವರೆಗಿನ ತಿರುಗಾಟವಿಡೀ ಪರೀಕ್ಷೆಯೇ ಆಗಿತ್ತು.

ಅಜರುದ್ದೀನರ ವಿಷಯದಲ್ಲಿಯೂ ಕಾಲವೇ ಉತ್ತರ ಕೊಟ್ಟಿತು. 2025ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಗುಜರಾತಿನ ಎದುರು ರಣಜಿ ಟ್ರೋಫಿಯ ಉಪಾಂತ್ಯ ಪಂದ್ಯ. ಮೊದಲ ದಿನ ಆಟಕ್ಕಿಳಿದ ಅವರು ಮೂರನೆಯ ದಿನ ಕೇರಳದ ಹತ್ತನೆಯ ವಿಕೆಟ್ ಬೀಳುವವರೆಗೂ ಕದಲಲಿಲ್ಲ. 341 ಎಸೆತಗಳನ್ನು ಎದುರಿಸಿ ಅಜೇಯ 177. ಕೇರಳದ ಮೊತ್ತ 457, ಗುಜರಾತಿನದು 455. ಆ ಎರಡು ಓಟಗಳ ಮುನ್ನಡೆಯೇ ಕೇರಳವನ್ನು ಮೊದಲ ಬಾರಿಗೆ ರಣಜಿ ಅಂತಿಮ ಪಂದ್ಯಕ್ಕೆ ಒಯ್ದಿತು. 54 ಎಸೆತಗಳಲ್ಲಿ ಮಿಂಚಿದವರು ನಾಲ್ಕು ವರ್ಷಗಳ ಬಳಿಕ 341 ಎಸೆತಗಳನ್ನು ತಾಳ್ಮೆಯಿಂದ ಕಾದರು. 2025–26ರ ರಣಜಿ ಋತುವಿಗೆ ರಾಜ್ಯ ತಂಡದ ನಾಯಕತ್ವವೂ ಅವರನ್ನು ಅರಸಿ ಬಂತು. ಒಂದು ಹರಾಜಿನ ಬೆಲೆಯಿಂದಲೋ ಆಡದೆ ಕಳೆದ ಒಂದು ಋತುವಿನಿಂದಲೋ ಈ ಯೋಗ್ಯತೆಯನ್ನು ಅಳೆಯಲು ಸಾಧ್ಯವಿತ್ತೆ?

ಗಡಿನಾಡಿನ ಮಕ್ಕಳ ಮಟ್ಟಿಗೆ ಈ ವಿಚಾರ ಇನ್ನಷ್ಟು ಮುಖ್ಯ. ಇಲ್ಲಿಂದ ತಿರುವನಂತಪುರ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಬೆಂಗಳೂರಿಗೆ ಘಟ್ಟ ಹತ್ತಿಯೇ ಹೋಗಬೇಕು. ರಾತ್ರಿಯಿಡೀ ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಕುಳಿತು, ಬೆಳಗ್ಗೆ ಅಪರಿಚಿತರ ನಡುವೆ ಆಯ್ಕೆಗೆ ನಿಲ್ಲುವ ಹುಡುಗ ಹುಡುಗಿಯರಿಗೆ ದೊರೆಯುವುದು ಕೆಲವು ನಿಮಿಷಗಳ ಅವಕಾಶ. ಆಯ್ಕೆಗಾರರಿಗೆ ಅವರನ್ನು ಮತ್ತೆ ಮತ್ತೆ ನೋಡುವ ಅನುಕೂಲವಿಲ್ಲ. ಆ ಅನುಕೂಲ ಇರುವುದು ನಮಗೆ, ಮನೆಯವರಿಗೂ ಊರವರಿಗೂ ಶಾಲೆಯ ಅಧ್ಯಾಪಕರಿಗೂ. ವರ್ಷವಿಡೀ ಕಾಣುವವರು ನಾವು.

ಆದುದರಿಂದ ಮಕ್ಕಳು ಶಿಬಿರದಿಂದ ಮರಳಿ ಬಂದಾಗ ಎಷ್ಟು ಓಟ, ಎಷ್ಟು ಅಂಕ ಎಂದು ಮೊದಲು ಕೇಳುವ ಪದ್ಧತಿಯನ್ನು ಬಿಡುವುದು ಒಳಿತು. ಹೊಸದಾಗಿ ಏನನ್ನು ಕಲಿತೆ, ಸೋತ ಮರುದಿನ ಹೇಗೆ ಆಡಿದೆ, ಜತೆಯವರ ಆಟಕ್ಕೆ ನಿನ್ನಿಂದ ಏನು ಸಹಾಯವಾಯಿತು ಎಂದು ಕೇಳೋಣ. ಒಂದು ಬೇಸಿಗೆಯಲ್ಲಿ ಆಯ್ಕೆಯಾಗದೆ ಬಂದ ಮಗನಿಗೆ ನಿನ್ನ ಆಟ ಮುಗಿಯಿತೆಂದು ಹೇಳುವುದು ಬೇಡ. ಒಂದು ಪಂದ್ಯಾವಳಿಯಲ್ಲಿ ಮಿಂಚಿದ ಮಗಳ ಓದನ್ನು ಆ ಸಂಭ್ರಮದಲ್ಲಿ ನಿಲ್ಲಿಸುವುದೂ ಬೇಡ. ಎರಡೂ ಅವಸರದ ತೀರ್ಪುಗಳೇ. ಇನ್ನೊಂದು ವರ್ಷ ನೋಡೋಣ ಎಂದು ಹೇಳಬಲ್ಲ ಹಿರಿಯರೊಬ್ಬರು ಮನೆಯಲ್ಲಿದ್ದರೆ, ಆ ಮಗುವಿಗೆ ಬೇಕಾದ ಕಾಲ ಮನೆಯಲ್ಲಿಯೇ ದೊರೆಯುತ್ತದೆ.